ಎಕ್ಸ್‌ರೇ ವರದಿಯ ‘ಮೈಲ್ಡ್ ಸ್ಕೋಲಿಯೋಸಿಸ್’, ‘ಡಿಜೆನರೇಟಿವ್ ಚೇಂಜಸ್’ ಅಂದರೆ ಏನು?

ಕಳೆದ ತಿಂಗಳು ಅಮ್ಮನ ಸೊಂಟದ ಎಕ್ಸ್‌ರೇ ತೆಗೆಸಿದೆವು. ಅಮ್ಮನಿಗೆ 68. ವರದಿಯಲ್ಲಿ ಇದ್ದದ್ದು ಒಂದೇ ಸಾಲು: ‘ಮೈಲ್ಡ್ ಸ್ಕೋಲಿಯೋಸಿಸ್ ವಿತ್ ಡಿಜೆನರೇಟಿವ್ ಚೇಂಜಸ್’. ಸಂಜೆಯೊಳಗೆ ನೆಂಟರಿಗೆಲ್ಲ ಫೋನ್ ಹೋಯಿತು, ಬೆನ್ನುಮೂಳೆ ಸೊಟ್ಟಗಾಗಿದೆಯಂತೆ, ಸವೆದೂ ಹೋಗಿದೆಯಂತೆ ಅಂತ. ಚಿಕ್ಕಮ್ಮ ಆಪರೇಷನ್‌ಗೆ ಎಷ್ಟಾಗುತ್ತೆ ಅಂತಲೂ ಕೇಳಿಬಿಟ್ಟರು.

ಮೊದಲು ಸ್ಕೋಲಿಯೋಸಿಸ್. ಗ್ರೀಕ್ ಪದ, ಡೊಂಕು ಅಂತ ಅರ್ಥ. ಪಕ್ಕದಿಂದ ನೋಡಿದರೆ ಎಲ್ಲರ ಬೆನ್ನುಮೂಳೆಯೂ ಬಾಗಿಯೇ ಇರುತ್ತದೆ: ಕುತ್ತಿಗೆಯಲ್ಲಿ ಮುಂದಕ್ಕೆ, ಬೆನ್ನಲ್ಲಿ ಹಿಂದಕ್ಕೆ, ಸೊಂಟದಲ್ಲಿ ಮತ್ತೆ ಮುಂದಕ್ಕೆ. ಅದು ಹಾಗೇ ಇರಬೇಕು. ಹಿಂದಿನಿಂದ ನೋಡಿದಾಗ ಎಡಕ್ಕೋ ಬಲಕ್ಕೋ ಬಾಗಿ, ಜೊತೆಗೆ ಒಂಚೂರು ತಿರುಚಿಕೊಂಡಿದ್ದರೆ ಅದು ಸ್ಕೋಲಿಯೋಸಿಸ್.

ಅಳೆಯೋದು ‘ಕಾಬ್ ಕೋನ’ದಲ್ಲಿ. ಜಾನ್ ಕಾಬ್ ಅನ್ನುವ ಅಮೆರಿಕದ ಮೂಳೆ ವೈದ್ಯ 1948ರಲ್ಲಿ ವಿವರಿಸಿದ ಲೆಕ್ಕ. ಡೊಂಕಿನ ಮೇಲ್ತುದಿಯಲ್ಲಿ ಜಾಸ್ತಿ ವಾಲಿದ ಮೂಳೆಗೆ ಒಂದು ಗೆರೆ, ಕೆಳತುದಿಯ ಮೂಳೆಗೆ ಇನ್ನೊಂದು ಗೆರೆ, ಎರಡರ ನಡುವಿನ ಕೋನ, ಅಷ್ಟೇ. 10 ಡಿಗ್ರಿಗಿಂತ ಕಡಿಮೆ ಇದ್ದರೆ ಸ್ಕೋಲಿಯೋಸಿಸ್ ಅನ್ನುವ ಹೆಸರೇ ಇಲ್ಲ. 10ರಿಂದ 25ರವರೆಗೆ ಸಾಮಾನ್ಯವಾಗಿ ಮೈಲ್ಡ್ ಅಂತಾರೆ. ಒಂದೇ ಫಿಲಂ ಅನ್ನು ಇಬ್ಬರು ಅಳೆದರೆ 5 ಡಿಗ್ರಿಯಷ್ಟು ಆಚೀಚೆ ಆಗಬಹುದು, ಹಾಗಾಗಿ ಹೋದ ವರ್ಷ 12 ಇದ್ದದ್ದು ಈಗ 15 ಅಂದ ಮಾತ್ರಕ್ಕೆ ಬೆಚ್ಚಿಬೀಳಬೇಕಿಲ್ಲ. ಅಮ್ಮನ ವರದಿಯಲ್ಲಿ ಡಿಗ್ರಿಯೇ ಇರಲಿಲ್ಲ. ಕೇಳಿದ ಮೇಲೆ ವೈದ್ಯರು ಅಳೆದು 14 ಅಂದರು. ನೀವೂ ಕೇಳಿ, ‘ಮೈಲ್ಡ್’ ಅನ್ನೋದಕ್ಕಿಂತ ಆ ಸಂಖ್ಯೆ ಹೆಚ್ಚು ಹೇಳುತ್ತೆ.

(ನಮ್ಮ ಟೈಲರ್ ಇದನ್ನು ಯಾವತ್ತೋ ಕಂಡುಹಿಡಿದಿದ್ದರು. ಬ್ಲೌಸ್ ಅಳತೆ ತೆಗೆಯುವಾಗ ‘ಎಡಗಡೆ ಭುಜ ಅರ್ಧ ಇಂಚು ಕೆಳಗಿದೆ ಅಮ್ಮಾ’ ಅಂದಿದ್ದರು.)

ಇನ್ನು ಡಿಜೆನರೇಟಿವ್ ಚೇಂಜಸ್, ನಮ್ಮ ಮಾತಲ್ಲಿ ಸವಕಳಿ. ಬೆನ್ನುಮೂಳೆಯ ತುಂಡುಗಳ ಮಧ್ಯೆ ಮೆತ್ತೆಯ ಹಾಗೆ ಡಿಸ್ಕ್‌ಗಳಿವೆ, ಒಟ್ಟು 23. ಎಳೆ ವಯಸ್ಸಲ್ಲಿ ಡಿಸ್ಕ್‌ನ ತಿರುಳಿನಲ್ಲಿ ನೂರಕ್ಕೆ 80 ಭಾಗಕ್ಕೂ ಹೆಚ್ಚು ನೀರೇ. ದೊಡ್ಡವರಾದ ಮೇಲೆ ಅದರೊಳಗೆ ರಕ್ತನಾಳ ಇರೋದಿಲ್ಲ ಅಂದರೂ ನಡೆಯುತ್ತೆ, ಅಕ್ಕಪಕ್ಕದ ಮೂಳೆಯಿಂದ ಜಿನುಗಿ ಬಂದದ್ದೇ ಅದಕ್ಕೆ ಊಟ. ವಯಸ್ಸಾದಂತೆ ನೀರು ಇಂಗಿ, ಡಿಸ್ಕ್ ತಗ್ಗಿ, ಮೂಳೆಗಳು ಹತ್ತಿರ ಬರುತ್ತವೆ. ನಾವು ‘ಸೊಂಟದಲ್ಲಿ ಗ್ಯಾಪ್ ಬಂದಿದೆ’ ಅಂತೀವಲ್ಲ, ಎಷ್ಟೋ ಸಲ ಅಲ್ಲಿ ಆಗಿರೋದು ಉಲ್ಟಾ, ಇದ್ದ ಗ್ಯಾಪ್ ಕಡಿಮೆಯಾಗಿರುತ್ತೆ! ‘ಮೂಳೆ ಸವೆದಿದೆ’ ಅನ್ನೋದೂ ಹಾಗೇ. ಸವೆದಿರೋದು ಡಿಸ್ಕ್ ಮತ್ತು ಕೀಲು, ಮೂಳೆಯ ಅಂಚಿನಲ್ಲಿ ಹೊಸ ಮೂಳೆ ಚಿಗುರಿರುತ್ತೆ. ವರದಿಯಲ್ಲಿ ಆಸ್ಟಿಯೋಫೈಟ್ ಅಂತ ಬರೆಯೋದು ಅದನ್ನೇ. ಇದೆಲ್ಲ ಸೇರಿ ಸ್ಪಾಂಡಿಲೋಸಿಸ್. ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್ ಬೇರೆ ಕಾಯಿಲೆ.

ಡೊಂಕಿಗೂ ಸವಕಳಿಗೂ ನಂಟಿದೆ. ಚಪ್ಪಲಿಯ ಹಿಮ್ಮಡಿ ಒಂದೇ ಕಡೆ ಸವೆದರೆ ಕಾಲು ವಾಲೋದಿಲ್ವಾ, ಹಾಗೆ ಡಿಸ್ಕ್ ಒಂದು ಬದಿಯಲ್ಲಿ ಜಾಸ್ತಿ ತಗ್ಗಿದರೆ ಮೇಲಿನ ಮೂಳೆ ಆ ಕಡೆಗೆ ವಾಲುತ್ತೆ. ಮೊದಲು ನೆಟ್ಟಗಿದ್ದ ಬೆನ್ನು 50 ದಾಟಿದ ಮೇಲೆ ಡೊಂಕಾಗೋದು ಹೆಚ್ಚಾಗಿ ಹೀಗೆ, ಅದೂ ಸೊಂಟದ ಭಾಗದಲ್ಲಿ.

ಹಾಗಾದರೆ ನೋವು ಇದರಿಂದಲೇನಾ? ಇರಬಹುದು, ಇಲ್ಲದೆಯೂ ಇರಬಹುದು. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಹಾಕಿ ನೋಡಿದ 2015ರ ವಿಮರ್ಶೆಯಲ್ಲಿ, ಡಿಸ್ಕ್ ಸವಕಳಿ 20ರ ವಯಸ್ಸಿನವರಲ್ಲೇ ನೂರಕ್ಕೆ 37 ಮಂದಿಗಿತ್ತು, 80ರವರಲ್ಲಿ 96 ಮಂದಿಗೆ. ನನ್ನ ಪ್ರಕಾರ ಈ ಸಾಲನ್ನು ವರದಿಯಲ್ಲೇ ಅಚ್ಚು ಹಾಕಿಸಬೇಕು.

ದೊಡ್ಡವರಲ್ಲಿ ವ್ಯಾಯಾಮದಿಂದ ಡೊಂಕು ನೆಟ್ಟಗಾಗೋದಿಲ್ಲ. ನೋವು ಕಡಿಮೆಯಾಗುತ್ತೆ, ಓಡಾಟ ಸಲೀಸಾಗುತ್ತೆ. ಆದರೆ ಕಾಲಲ್ಲಿ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ ಕಾಯಬೇಡಿ, ಆವತ್ತೇ ಆಸ್ಪತ್ರೆಗೆ ಹೋಗಿ. ಜ್ವರದ ಜೊತೆ ಬೆನ್ನುನೋವು, ಸುಮ್ನೆ ತೂಕ ಇಳಿಯೋದು, ಮಲಗಿದರೂ ಬಿಡದ ರಾತ್ರಿ ನೋವು, ಇವನ್ನೂ ಬೇಗ ತೋರಿಸಬೇಕು.

ಅಮ್ಮನಿಗೆ ಇವ್ಯಾವೂ ಇಲ್ಲ. ದಿನಾ ಅರ್ಧ ಗಂಟೆ ನಡೆಯಿರಿ, ಫಿಸಿಯೋ ಹೇಳಿಕೊಟ್ಟ ನಾಲ್ಕು ವ್ಯಾಯಾಮ ಮಾಡಿ ಅಂತ ವೈದ್ಯರು ಕಳಿಸಿದರು. ಚಿಕ್ಕಮ್ಮ ಮಾತ್ರ ಇನ್ನೂ ನಂಬಿಲ್ಲ.