ಹಳೇ ಗೋಡೆಗೆ ಮಧ್ಯಾಹ್ನದ ಬಿಸಿಲೇ ಬೇಕು

ಪ್ರಶ್ನೆ: ಮೈಸೂರಿನ ಹಳೇ ಕಟ್ಟಡ, ಗೋಡೆ ಚಿತ್ರಗಳ ಫೋಟೋ ತೆಗೆಯಬೇಕು ಅಂತಿದೀನಿ ಸರ್. ಬೆಳಗ್ಗೆ ಆರೂವರೆಗೆ ಹೋಗಲಾ, ಸಂಜೆ ಆರಕ್ಕೆ ಹೋಗಲಾ?

ಎರಡೂ ಬೇಡ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಕೇಳುವವರೆಲ್ಲ ಹೊತ್ತನ್ನು ಮೊದಲೇ ಗೊತ್ತು ಮಾಡಿಕೊಂಡು ಬಂದಿರುತ್ತಾರೆ. ಗೋಲ್ಡನ್ ಅವರ್, ಅಂದರೆ ಸೂರ್ಯ ಹುಟ್ಟುವ, ಮುಳುಗುವ ಹೊತ್ತಿನ ಎಳೆ ಬಿಸಿಲು ಬಿಟ್ಟು ಮಧ್ಯಾಹ್ನ ಕ್ಯಾಮೆರಾ ಮುಟ್ಟಲೇಬಾರದು ಅಂತ ಯಾರೋ ಹೇಳಿಕೊಟ್ಟಿರುತ್ತಾರೆ. ಅದು ಮನುಷ್ಯರ ಮುಖಕ್ಕೆ ಹೇಳಿದ ಮಾತು. ನೆತ್ತಿ ಬಿಸಿಲಿಗೆ ಕಣ್ಣು ಗುಳಿ ಬಿದ್ದ ಹಾಗೆ ಕಾಣುತ್ತದೆ, ಮೂಗಿನ ಕೆಳಗೆ ನೆರಳು ಕಪ್ಪಾಗಿ ಕೂರುತ್ತದೆ. ಆದರೆ ಹಳೇ ಗೋಡೆಗೆ ಬೇಕಾಗಿರುವುದೇ ಆ ನೆರಳು!

ಇವತ್ತು ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಗೋಡೆಗೆ ನೇರವಾಗಿ ಬಿಡಿ. ಗೋಡೆ ನುಣ್ಣಗೆ ಕಾಣುತ್ತದೆ. ಈಗ ಟಾರ್ಚನ್ನು ಗೋಡೆಗೇ ಆನಿಸಿ, ಬೆಳಕು ಗೋಡೆಯನ್ನು ಸವರಿಕೊಂಡು ಹೋಗುವ ಹಾಗೆ ಹಿಡಿಯಿರಿ. ಕರಣೆಯ ಗೀರು, ಹಳೇ ಮೊಳೆಯ ತೂತು, ಬಣ್ಣದಲ್ಲಿ ಸಿಕ್ಕಿಕೊಂಡ ಬ್ರಷ್ಷಿನ ಕೂದಲು ಎಲ್ಲಾ ಎದ್ದು ಬರುತ್ತವೆ. ಗೋಡೆ ಅದೇ, ಟಾರ್ಚೂ ಅದೇ. ಬೆಳಕು ಬಂದ ದಿಕ್ಕು ಮಾತ್ರ ಬೇರೆ.

ಸೂರ್ಯನದೂ ಇದೇ ಕೆಲಸ. ದೇವರಾಜ ಮಾರುಕಟ್ಟೆಗೆ ಸಯ್ಯಾಜಿರಾವ್ ರಸ್ತೆ ಕಡೆಯ ಮುಖ ಪೂರ್ವಕ್ಕಿದೆ. ಬೆಳಗಿನ ಎಳೆ ಬಿಸಿಲು ಎದುರಿನಿಂದಲೇ ಬೀಳುತ್ತದೆ. ಬಣ್ಣ ಚೆನ್ನ, ಗೋಡೆ ಮಾತ್ರ ಸಪಾಟು. ಸಂಜೆ ಹೋದರೆ ಸೂರ್ಯ ಕಟ್ಟಡದ ಬೆನ್ನಿಗೆ. ಹನ್ನೊಂದೂವರೆಗೆ ಹೋಗಿ, ಅಂಗಡಿ ಬೋರ್ಡುಗಳಿಂದ ಮೇಲಕ್ಕೆ ನೋಡಿ. ಬಿಸಿಲು ಗೋಡೆಯನ್ನು ಸವರುತ್ತಾ ಇಳಿಯುತ್ತಿರುತ್ತದೆ. ಎದ್ದ ಒಂದೊಂದು ಚಕ್ಕೆಗೂ ಅದರದೇ ನೆರಳು.

ಉತ್ತರಕ್ಕೆ ಮುಖ ಮಾಡಿದ ಗೋಡೆಗೆ ಇನ್ನೂ ಬೇರೆ ಲೆಕ್ಕ. ಏಪ್ರಿಲ್ 22 ಮತ್ತು ಆಗಸ್ಟ್ 20ರ ಆಸುಪಾಸಿನಲ್ಲಿ, ಮಧ್ಯಾಹ್ನ 12 ಗಂಟೆ 25 ನಿಮಿಷದ ಹೊತ್ತಿಗೆ ಮೈಸೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಈ ಎರಡರ ನಡುವಿನ ತಿಂಗಳುಗಳಲ್ಲಿ ನಡುಹಗಲಿಗೆ ಅವನು ಸ್ವಲ್ಪ ಉತ್ತರಕ್ಕೆ ವಾಲಿರುತ್ತಾನೆ. ಉತ್ತರದ ಗೋಡೆಯ ಮೇಲೆ ನಡುಹಗಲಿನ ಬಿಸಿಲು ಜಾರುವುದು ಆಗ ಮಾತ್ರ. ಡಿಸೆಂಬರಿನಲ್ಲಿ ಅದೇ ಗೋಡೆಗೆ ಇಡೀ ದಿನ ಬಿಸಿಲೇ ಇಲ್ಲ. ಹಾಗಾಗಿ ಗಡಿಯಾರಕ್ಕಿಂತ ಮೊದಲು ದಿಕ್ಕು ನೋಡಿ.

ಗೋಡೆ ಚಿತ್ರಕ್ಕೆ ಇದೆಲ್ಲ ಬೇಡ. ಅಲ್ಲಿ ಬಣ್ಣ ಮುಖ್ಯ, ಮೋಡದ ದಿನ ಹೋದರೆ ಸಾಕು.

ನೀವು ಕೇಳಲಿಲ್ಲ, ಆದರೂ ಒಂದು ಮಾತು. ಗೋಡೆ ಸವರುವ ಆ ಬಿಸಿಲಿನಲ್ಲಿ, ಹಳೇ ಗಾರೆಯ ಮೇಲೆ ಹಾಕಿದ ಸಿಮೆಂಟ್ ತೇಪೆ ಹುಡುಕಿ. ಸುಣ್ಣದ ಗಾರೆ ತೇವವನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಹೊರಗೂ ಬಿಡುತ್ತದೆ. ಸಿಮೆಂಟ್ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಒಳಗಿನ ನೀರು ತೇಪೆಯ ಅಂಚಿಗೆ ಸರಿದು, ಅಲ್ಲಿನ ಹಳೇ ಗಾರೆಯನ್ನು ಸಡಿಲ ಮಾಡುತ್ತದೆ, ಬಿಳಿ ಉಪ್ಪು ಹೊರಬರುತ್ತದೆ. ನಡುವೆ ಗಟ್ಟಿ ಬೂದು ತೇಪೆ, ಸುತ್ತ ಪುಡಿಯಾಗುತ್ತಿರುವ ಉಂಗುರ. ಮಳೆಗಾಲಕ್ಕೆ ಮುಂಚೆ ಒಂದು, ಮುಗಿದ ಮೇಲೆ ಇನ್ನೊಂದು ಫೋಟೋ ತೆಗೆಯಿರಿ. ಜಾಗ, ಹೊತ್ತು ಎರಡೂ ಒಂದೇ ಇರಲಿ. ಪಕ್ಕಪಕ್ಕ ಇಟ್ಟು ಆ ಉಂಗುರ ಎಷ್ಟು ಹರಡಿದೆ ನೋಡಿ.

ತೆಗೆಯುವಾಗ ಮಾತ್ರ ರಸ್ತೆಯ ಆಚೆ ಬದಿ ನಿಂತು ಜೂಮ್ ಹಾಕಿ. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದದ್ದೂ ಆಗಸ್ಟ್‌ನಲ್ಲೇ, 2016ರಲ್ಲಿ.