ಗಂಟಲಿನ ಗೊನೋರಿಯಾ: ಔಷಧ ಕೊಡದೆ ಬಿಟ್ಟರೆ ಏನಾಗುತ್ತದೆ?

ಲೈಂಗಿಕ ಸಂಪರ್ಕದಿಂದ ಹರಡುವ ಗೊನೋರಿಯಾ ಅಂದರೆ ನಮಗೆ ನೆನಪಾಗುವುದು ಮೂತ್ರನಾಳದ ಕೀವು, ಉರಿ. ವೈದ್ಯಕೀಯ ವಿದ್ಯಾರ್ಥಿಗಳ ಪಠ್ಯಪುಸ್ತಕದಲ್ಲಿ ಗಂಟಲಿನ ಸೋಂಕಿಗೆ ಸಿಗುವುದು ಒಂದೆರಡು ಸಾಲು ಅಷ್ಟೇ. ದಯವಿಟ್ಟು ಆ ಸಾಲುಗಳನ್ನು ಹಾರಿಸಬೇಡಿ, ಈ ಕಾಯಿಲೆಯ ಕಷ್ಟ ಇರುವುದೇ ಅಲ್ಲಿ.

ಬ್ಯಾಕ್ಟೀರಿಯಾ ಅದೇ, ನೈಸೀರಿಯಾ ಗೊನೋರಿಯೆ. ಮುಖ್ಯವಾಗಿ ಮುಖಮೈಥುನದಿಂದ ಗಂಟಲಿಗೆ ಬರುತ್ತದೆ. ಹೆಚ್ಚಿನವರಿಗೆ ಅದು ಬಂದದ್ದೇ ಗೊತ್ತಾಗುವುದಿಲ್ಲ. ಕೆಲವರಿಗೆ ಗಂಟಲು ನೋಯಬಹುದು, ಕತ್ತಿನಲ್ಲಿ ಗಂಟು ಊದಬಹುದು, ನೋಡಿದರೆ ಮಾಮೂಲಿ ಗಂಟಲುನೋವು ಅಂತಲೇ ಅನ್ನಿಸುತ್ತದೆ.

ಚಿಕಿತ್ಸೆ ಇಲ್ಲದೆಯೂ ಸಾಮಾನ್ಯವಾಗಿ ಇದು ತಾನಾಗೇ ಹೋಗುತ್ತದೆ. ಎಷ್ಟು ದಿನಕ್ಕೆ? ಹಳೆಯ ಅಧ್ಯಯನಗಳು ಕಲ್ಚರ್ ಮಾಡಿ (ಅಂದರೆ ಸ್ಯಾಂಪಲ್‌ನಲ್ಲಿನ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ) ನೋಡಿ, ಸುಮಾರು 12 ವಾರದೊಳಗೆ ಅಂದಿದ್ದವು. ಆದರೆ ಗಂಟಲಿನ ಸ್ಯಾಂಪಲ್‌ನಲ್ಲಿ ಕಲ್ಚರ್‌ಗೆ ಈ ಬ್ಯಾಕ್ಟೀರಿಯಾ ಎಷ್ಟೋ ಸಲ ಸಿಗುವುದೇ ಇಲ್ಲ, ಹಾಗಾಗಿ ನೆಗೆಟಿವ್ ಬಂತು ಅಂದ ಮಾತ್ರಕ್ಕೆ ಸೋಂಕು ಹೋಯಿತು ಅನ್ನುವ ಹಾಗಿಲ್ಲ. ಆಮೇಲೆ ಅಮೆರಿಕದ ಸಿಯಾಟಲ್‌ನಲ್ಲಿ, ಗಂಡಸರೊಂದಿಗೆ ಲೈಂಗಿಕ ಸಂಬಂಧ ಇರುವ ಗಂಡಸರು ವಾರವಾರವೂ ತಾವೇ ಗಂಟಲಿನ ಸ್ವಾಬ್ (ಹತ್ತಿಕಡ್ಡಿಯಲ್ಲಿ ಒರೆಸಿದ ಸ್ಯಾಂಪಲ್) ತೆಗೆದುಕೊಟ್ಟರು, ಅದಕ್ಕೆ ಬ್ಯಾಕ್ಟೀರಿಯಾದ ಜೀನ್ ಹುಡುಕುವ ನ್ಯಾಟ್ ಟೆಸ್ಟ್ ಮಾಡಿದರು. 2021ರಲ್ಲಿ ಬಂದ ಫಲಿತಾಂಶದಲ್ಲಿ ಸೋಂಕಿನ ಮೀಡಿಯನ್ ಅವಧಿ, ಅಂದರೆ ಅರ್ಧದಷ್ಟು ಸೋಂಕುಗಳು ಹೋಗಲು ಹಿಡಿದ ಸಮಯ, ಸುಮಾರು 16 ವಾರ. ಹೆಚ್ಚುಕಮ್ಮಿ ನಾಲ್ಕು ತಿಂಗಳು!

ಈ ಅಂಕಿಯನ್ನೂ ಸ್ವಲ್ಪ ಎಚ್ಚರದಿಂದ ಓದಬೇಕು. ನ್ಯಾಟ್ ಸತ್ತ ಬ್ಯಾಕ್ಟೀರಿಯಾದ ಡಿಎನ್ಎಯನ್ನೂ ಹಿಡಿಯುತ್ತದೆ. ಜೊತೆಗೆ, ಒಮ್ಮೆ ಬಂದು ಹೋದರೆ ಇನ್ನೊಮ್ಮೆ ಬರದಂತೆ ತಡೆಯುವ ರೋಗನಿರೋಧಕ ಶಕ್ತಿ ಗೊನೋರಿಯಾದಲ್ಲಿ ಬೆಳೆಯುವುದಿಲ್ಲ. ಹಾಗಾಗಿ ಹಳೆ ಸೋಂಕೇ ಉಳಿದಿದೆಯೋ ಹೊಸದು ಬಂತೋ ಅಂತ ಬರೀ ಪಾಸಿಟಿವ್ ರಿಪೋರ್ಟ್ ನೋಡಿ ಹೇಳಲಾಗದು.

ತಾನಾಗೇ ಹೋಗುತ್ತಲ್ವಾ, ಸುಮ್ನೆ ಬಿಟ್ಟರೇನು ಅಂತ ಕೇಳಬಹುದು. ಬಿಡಬಾರದು. ಅಷ್ಟು ತಿಂಗಳೂ ಅದು ಗೊತ್ತಿಲ್ಲದೆ ಬೇರೆಯವರಿಗೆ ಹರಡುತ್ತಿರುತ್ತದೆ. ಅಪರೂಪಕ್ಕೆ ರಕ್ತಕ್ಕೆ ಸೇರಿ ಕೀಲು, ಚರ್ಮಕ್ಕೂ ಹೋಗಬಹುದು. ನನಗೆ ಇದಕ್ಕಿಂತ ಜಾಸ್ತಿ ಹೆದರಿಕೆ ಹುಟ್ಟಿಸುವುದು ಇನ್ನೊಂದು: ಗಂಟಲಲ್ಲಿ ಮೊದಲೇ ವಾಸವಾಗಿರುವ, ನಮಗೆ ತೊಂದರೆ ಕೊಡದ ಬೇರೆ ನೈಸೀರಿಯಾ ಜಾತಿಗಳಿವೆ. ಆ್ಯಂಟಿಬಯೋಟಿಕ್‌ಗೆ ಬಗ್ಗದ ಜೀನ್ ತುಣುಕುಗಳನ್ನು ಗೊನೋರಿಯಾ ಬ್ಯಾಕ್ಟೀರಿಯಾ ಅವುಗಳಿಂದ ಪಡೆದುಕೊಳ್ಳುತ್ತದೆ, penA ಅನ್ನುವ ಜೀನ್, ಗೊನೋರಿಯಾಕ್ಕೆ ಕೊಡುವ ಸೆಫಲೋಸ್ಪೊರಿನ್ ಗುಂಪಿನ ಆ್ಯಂಟಿಬಯೋಟಿಕ್‌ಗಳಿಗೆ ಪ್ರತಿರೋಧ ಗಳಿಸಿದ್ದು ಹೀಗೆಯೇ. ಆ ಗುಂಪಿನ ಮುಖ್ಯ ಔಷಧ ಸೆಫ್ಟ್ರಿಯಾಕ್ಸೋನ್‌ಗೂ ಜಗ್ಗದ ಎಚ್041 ಎಂಬ ಗೊನೋರಿಯಾ ತಳಿ ಸಿಕ್ಕಿದ್ದು ಜಪಾನಿನ ಕ್ಯೋಟೋದಲ್ಲಿ, ಒಬ್ಬ ಮಹಿಳೆಯ ಗಂಟಲಿನಿಂದ. 2018ರಲ್ಲಿ ಬ್ರಿಟನ್ನಿನಲ್ಲಿ ಔಷಧಕ್ಕೆ ಬಗ್ಗದ ಗೊನೋರಿಯಾ ಬಂದ ಒಬ್ಬ ಗಂಡಸಿನ ಕೇಸ್‌ನಲ್ಲೂ ಅಷ್ಟೇ, ಮೂತ್ರನಾಳದ ಸೋಂಕು ವಾಸಿಯಾಯಿತು, ಗಂಟಲಿನದ್ದು ಉಳಿದೇಬಿಟ್ಟಿತು. ಕೊನೆಗೆ ರಕ್ತನಾಳದ ಮೂಲಕ ಎರ್ಟಾಪೆನೆಮ್ ಎಂಬ ಬೇರೆ ಆ್ಯಂಟಿಬಯೋಟಿಕ್ ಕೊಡಬೇಕಾಯಿತು.

ನಮ್ಮ ದೇಶದ ಲೈಂಗಿಕ ರೋಗಗಳಿಗೆಂದೇ ಇರುವ ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಹೆಚ್ಚಾಗಿ ಲಕ್ಷಣ ನೋಡಿ, ಅದಕ್ಕೆ ತಕ್ಕ ಬಣ್ಣದ ಔಷಧದ ಕಿಟ್ ಕೊಡುವ ಪದ್ಧತಿ ಇದೆ. ಲಕ್ಷಣವೇ ಇಲ್ಲದ ಗಂಟಲಿನ ಸೋಂಕು ಇದರಲ್ಲಿ ಸಿಗುವುದು ಹೇಗೆ? ಅದಕ್ಕೇ ರೋಗಿಯ ಹಿಸ್ಟರಿ ಕೇಳುವಾಗ ಮುಖಮೈಥುನದ ಬಗ್ಗೆ ಮುಜುಗರವಿಲ್ಲದೆ, ಗೌರವದಿಂದ ಕೇಳುವುದನ್ನು ಈಗಲೇ ರೂಢಿ ಮಾಡಿಕೊಳ್ಳಿ. ಚಿಕಿತ್ಸೆಯಲ್ಲಿ ನೆನಪಿಡಬೇಕಾದ್ದು: ಗಂಟಲಿಗೆ ಸೆಫಿಕ್ಸಿಮ್ ಮಾತ್ರೆ ಅಷ್ಟಾಗಿ ನಾಟುವುದಿಲ್ಲ, ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ನೇ ಬೇಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಪ್ರಕಾರ ಚಿಕಿತ್ಸೆಯಾದ 7ರಿಂದ 14 ದಿನದೊಳಗೆ ಗಂಟಲನ್ನು ಮತ್ತೆ ಪರೀಕ್ಷಿಸಬೇಕು, ಸಂಗಾತಿಗೂ ಚಿಕಿತ್ಸೆ ಆಗಬೇಕು.