ಗೆಳೆಯರ ಖಾಸಗಿ ಗುಂಪು: ಉತ್ತರ ಯಾರಿಗೆ ಹೋಗುತ್ತದೆ?

ಮಸ್ಟೊಡಾನ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಏಳೆಂಟು ಗೆಳೆಯರಿಗಷ್ಟೇ ಕಾಣುವಂತೆ ಬರೆಯಬೇಕಾದಾಗ ಹೆಚ್ಚಿನವರು ‘ಫಾಲೋವರ್‌ಗಳಿಗೆ ಮಾತ್ರ’ ಎಂಬುದನ್ನು ಆರಿಸಿ ನಿಶ್ಚಿಂತರಾಗುತ್ತಾರೆ. ಪೋಸ್ಟಿನ ಮಟ್ಟಿಗೆ ಅದು ಸರಿ. ತೊಡಕು ಇರುವುದು ಉತ್ತರಗಳಲ್ಲಿ.

ನಿಮ್ಮ ಪೋಸ್ಟಿಗೆ ಗೆಳತಿಯೊಬ್ಬಳು ‘ಆಸ್ಪತ್ರೆಯಿಂದ ಯಾವಾಗ ಬಂದೆ?’ ಎಂದು ಉತ್ತರಿಸಿದಳು ಅನ್ನಿ. ಅದೂ ಫಾಲೋವರ್‌ಗಳಿಗೆ ಮಾತ್ರವೇ, ಆದರೆ ನಿಮ್ಮವರಿಗಲ್ಲ, ಅವಳ ಫಾಲೋವರ್‌ಗಳಿಗೆ. ನಿಮ್ಮ ಪೋಸ್ಟ್ ಕಾಣದ, ಆದರೆ ಅವಳನ್ನು ಫಾಲೋ ಮಾಡುವ ಸಹೋದ್ಯೋಗಿ ಅವಳ ಪ್ರೊಫೈಲ್ ತೆರೆದರೆ ವಿಷಯ ಗೊತ್ತಾಗಿಬಿಡುತ್ತದೆ. ನಿಮ್ಮದೇ ಗುಂಪಿನಲ್ಲಿದ್ದು ಅವಳನ್ನು ಫಾಲೋ ಮಾಡದವರಿಗೋ, ಆ ಪ್ರಶ್ನೆ ಕಾಣುವುದೇ ಇಲ್ಲ. ಹಾಗಾಗಿ ಮಸ್ಟೊಡಾನ್‌ನಲ್ಲಿ ಗುಂಪು ಮಾಡುವುದಾದರೆ ಪ್ರತಿಯೊಬ್ಬರೂ ಅದಕ್ಕೆಂದೇ ಬೇರೆ ಖಾತೆ ತೆರೆದು, ಎಲ್ಲರೂ ಎಲ್ಲರನ್ನೂ ಫಾಲೋ ಮಾಡಬೇಕು, ಹೊರಗಿನವರನ್ನು ಸೇರಿಸಬಾರದು. ಅಲ್ಲಿನ ‘ಲಿಸ್ಟ್’ ಇದಕ್ಕೆ ಬರುವುದಿಲ್ಲ. ಅದು ಓದುವುದಕ್ಕಷ್ಟೇ, ಲಿಸ್ಟಿಗೆಂದು ಪೋಸ್ಟ್ ಮಾಡಲಾಗದು.

ಖಾತೆ ತೆರೆದ ಕೂಡಲೇ, ಮೊದಲ ಪೋಸ್ಟಿಗೂ ಮುಂಚೆ, ಹೊಸ ಫಾಲೋವರ್‌ಗಳನ್ನು ತಾನಾಗಿ ಒಪ್ಪಿಕೊಳ್ಳುವ ಸೆಟ್ಟಿಂಗ್ ತೆಗೆಯಿರಿ. ಆಮೇಲೆ ತೆಗೆದರೆ, ಅಷ್ಟರಲ್ಲಿ ಒಳಬಂದವರು ಒಳಗೇ ಉಳಿಯುತ್ತಾರೆ. ಅವರನ್ನು ನೀವೇ ತೆಗೆಯಬೇಕು. ಪೋಸ್ಟಿನ ಡೀಫಾಲ್ಟ್ ಅನ್ನು ಫಾಲೋವರ್‌ಗಳಿಗೆ ಮಾತ್ರ ಎಂದು ಬದಲಿಸಿ, ಪ್ರೊಫೈಲ್‌ನಲ್ಲಿ ಫಾಲೋವರ್‌ಗಳ ಪಟ್ಟಿ ಮರೆಮಾಡಿ. ಫೋಟೋ ವಿಷಯದಲ್ಲಿ ಜೋಪಾನ: ಪೋಸ್ಟ್ ಖಾಸಗಿಯಾಗಿದ್ದರೂ ಚಿತ್ರದ ನೇರ ಲಿಂಕ್ ಸಿಕ್ಕಿದವರು ಲಾಗಿನ್ ಇಲ್ಲದೆಯೇ ಅದನ್ನು ತೆರೆಯಬಹುದು.

ಇನ್ನು ಸರ್ವರ್‌ಗಳ ಮಾತು. ಮಸ್ಟೊಡಾನ್ ಎಂದರೆ ಬೇರೆಬೇರೆಯವರು ನಡೆಸುವ ಹಲವು ಸರ್ವರ್‌ಗಳ ಜಾಲ, ಒಬ್ಬೊಬ್ಬರ ಖಾತೆ ಒಂದೊಂದರಲ್ಲಿರಬಹುದು. ಪ್ರತಿ ಫಾಲೋವರ್‌ನ ಸರ್ವರಿಗೂ ನಿಮ್ಮ ಪೋಸ್ಟಿನ ಒಂದು ಪ್ರತಿ ಹೋಗುತ್ತದೆ, ಎನ್‌ಕ್ರಿಪ್ಟ್ ಆಗದೆ (ಗೂಢಲಿಪಿಗೆ ಬದಲಾಗದೆ) ಅಲ್ಲಿ ಕೂರುತ್ತದೆ. ಆ ಸರ್ವರ್ ನಡೆಸುವ ಅಡ್ಮಿನ್ ಮನಸ್ಸು ಮಾಡಿದರೆ ಓದಬಹುದು. ನೀವು ಅಳಿಸಿದರೆ ‘ಅಳಿಸಿ’ ಎಂಬ ಕೋರಿಕೆ ಅಲ್ಲಿಗೂ ಹೋಗುತ್ತದೆ, ಪಾಲಿಸುವುದು ಆ ಸರ್ವರ್‌ಗೆ ಬಿಟ್ಟದ್ದು. ಹೊಸಬರನ್ನು ಒಪ್ಪಿಕೊಂಡಾಗ, ಅವರ ಸರ್ವರ್‌ನಲ್ಲಿ ನಿಮ್ಮ ಹಳೆಯ ಫಾಲೋವರ್ ಯಾರಾದರೂ ಇದ್ದರೆ ನಿಮ್ಮ ಹಿಂದಿನ ಪೋಸ್ಟ್‌ಗಳೂ ಅವರಿಗೆ ತೆರೆದುಕೊಳ್ಳುತ್ತವೆ, ಏಕೆಂದರೆ ಪ್ರತಿ ಆಗಲೇ ಅಲ್ಲಿದೆ. ಇದನ್ನು ಯಾರೂ ಮೊದಲೇ ಊಹಿಸಿರುವುದಿಲ್ಲ. ಮಸ್ಟೊಡಾನ್ ಜೊತೆ ಬೆಸೆದುಕೊಂಡ, ಫೋಟೋ ಹಂಚುವ ಪಿಕ್ಸೆಲ್‌ಫೆಡ್‌ನಲ್ಲಿ ಆದದ್ದೂ ಇದಕ್ಕೆ ಹತ್ತಿರದ್ದೇ: ನಿಮ್ಮ ಒಪ್ಪಿಗೆ ಬರುವ ಮೊದಲೇ ಅದು ಫಾಲೋ ಆಯಿತೆಂದು ಹಿಡಿಯುತ್ತಿದ್ದ ಕಾರಣ, ಒಬ್ಬರಿಗೆ ಬಂದ ಖಾಸಗಿ ಪೋಸ್ಟ್ ಅದೇ ಸರ್ವರ್‌ನ ಇತರರಿಗೂ ಸಿಗುತ್ತಿತ್ತು. ಆ ದೋಷವನ್ನು 2025ರ ಮಾರ್ಚ್‌ನಲ್ಲಿ 0.12.5 ಆವೃತ್ತಿಯಲ್ಲಿ ಸರಿಪಡಿಸಿದರು. ಗುಂಪಿನವರೆಲ್ಲ ಚೆನ್ನಾಗಿ ನಿರ್ವಹಿಸುವ ಒಂದೇ ಸರ್ವರ್‌ನಲ್ಲಿದ್ದರೆ, ಪ್ರತಿಗಳು ಬೇರೆ ಸರ್ವರ್‌ಗಳಿಗೆ ಹೋಗುವುದರಿಂದ ಬರುವ ಅಪಾಯ ಬಹಳ ತಗ್ಗುತ್ತದೆ.

2010ರಲ್ಲಿ ಶುರುವಾದ, ಇಂಥದೇ ಹಲವು ಸರ್ವರ್‌ಗಳ ಜಾಲತಾಣವಾದ ಡಯಾಸ್ಪೊರಾ ಮೊದಲು ಹೇಳಿದ ಉತ್ತರಗಳ ಸಮಸ್ಯೆಯನ್ನು ಆಗಲೇ ಬಿಡಿಸಿತ್ತು. ಅಲ್ಲಿ ಗೆಳೆಯರನ್ನು ‘ಆಸ್ಪೆಕ್ಟ್’ ಎಂಬ ಗುಂಪುಗಳಾಗಿ ವಿಂಗಡಿಸುತ್ತೀರಿ, ತಾವು ಯಾವುದರಲ್ಲಿದ್ದೇವೆಂದು ಅವರಿಗೆ ಕಾಣದು. ಕಾಮೆಂಟ್ ಮೊದಲು ಮೂಲ ಪೋಸ್ಟ್ ಬರೆದವರ ಸರ್ವರಿಗೆ ಬಂದು, ಅಲ್ಲಿಂದ ಆ ಪೋಸ್ಟ್ ಸಿಕ್ಕಿದವರಿಗಷ್ಟೇ ಹಂಚಿಕೆಯಾಗುತ್ತದೆ. ಹರಟೆಗೆ ನನ್ನ ಮೊದಲ ಆಯ್ಕೆ ಈ ಬಗೆಯದೇ. ಬ್ಲೂಸ್ಕೈ ಎಂಬ ಇನ್ನೊಂದು ಜಾಲತಾಣದಲ್ಲಿ ಖಾಸಗಿ ಗುಂಪಿಗೆಂದು ಪೋಸ್ಟ್ ಹಾಕಲು ನೋಡಬೇಡಿ, ಅಲ್ಲಿನ ಪೋಸ್ಟ್‌ಗಳು ಬಹಿರಂಗ.

ಆರೋಗ್ಯ, ಹಣ, ಮಕ್ಕಳ ಫೋಟೋ ಇಂಥವಕ್ಕೆ ಮಾತ್ರ ಮ್ಯಾಟ್ರಿಕ್ಸ್ ಎಂಬ ಚಾಟ್ ವ್ಯವಸ್ಥೆಯಲ್ಲಿ ರೂಮ್ ಮಾಡಿ. ರೂಮ್ ತೆರೆಯುವಾಗಲೇ ಖಾಸಗಿ ಎಂದು ಆರಿಸಿ, ಎನ್‌ಕ್ರಿಪ್ಶನ್ ಹಾಕಿ (ಒಮ್ಮೆ ಹಾಕಿದರೆ ತೆಗೆಯಲಾಗದು). ಹೊಸಬರಿಗೆ ತಾವು ಸೇರಿದ ನಂತರದ ಸಂದೇಶಗಳು ಮಾತ್ರ ಕಾಣುವಂತೆ ಹೊಂದಿಸಿ. ರೂಮಿನ ಹೆಸರು, ವಿಷಯ, ಸದಸ್ಯರ ಪಟ್ಟಿ ಎನ್‌ಕ್ರಿಪ್ಟ್ ಆಗುವುದಿಲ್ಲ, ಹಾಗಾಗಿ ಹೆಸರಿನಲ್ಲಿ ಕಾಯಿಲೆಯ ಹೆಸರು ಬರೆಯಬೇಡಿ. ರಿಕವರಿ ಕೀಯನ್ನು (ಹಳೆಯ ಸಂದೇಶಗಳನ್ನು ಮತ್ತೆ ತೆರೆಯುವ ಗುಪ್ತ ಸಂಕೇತ) ಎಲ್ಲರೂ ಮೊದಲ ದಿನವೇ ಫೋನಿನ ಹೊರಗೆ ಬರೆದಿಡಲಿ. ಆ ಕೀ ಇಲ್ಲದೆ, ಇರುವ ಒಂದೇ ಫೋನ್ ಕಳೆದುಹೋದರೆ ಹಳೆಯ ಸಂದೇಶಗಳನ್ನು ಅಡ್ಮಿನ್ ಕೂಡ ತೆರೆದುಕೊಡಲಾರರು.